ಸಿಂಥೆಟಿಕ್ ವಿಗ್‌ಗೆ ನಾನು ಸುರುಳಿ ಹಾಕುವ ರೀತಿ

ಬೆಂಗಳೂರಿನ ಹವ್ಯಾಸಿ ನಾಟಕ ತಂಡಗಳಿಗೆ, ನೃತ್ಯ ಶಾಲೆಗಳಿಗೆ, ಮದುವೆ ಮನೆಗಳಿಗೆ ನಾನು ಕೂದಲಿನ ಕೆಲಸ ಮಾಡಿಕೊಡುತ್ತೇನೆ. ನನ್ನ ಕೈಗೆ ಬರುವ ವಿಗ್, ಚೌರಿ, ಕ್ಲಿಪ್ ಎಕ್ಸ್‌ಟೆನ್ಷನ್‌ಗಳಲ್ಲಿ ಹೆಚ್ಚಿನವು ಸಿಂಥೆಟಿಕ್. ಅಸಲಿ ಕೂದಲಿನ ವಿಗ್ ಚೆನ್ನಾಗಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಕೊಪ್ಪಳದ ಭಾಗ್ಯನಗರದಲ್ಲಿ ಕೂದಲಿನ ಸಿಕ್ಕು ಬಿಡಿಸಿ, ತೊಳೆದು, ಉದ್ದ ನೋಡಿ ವಿಂಗಡಿಸುವ ಕೆಲಸವೇ ಎಷ್ಟೋ ಮನೆಗಳ ಅನ್ನ. ಅಷ್ಟು ಕೈಕೆಲಸ ಇರುವ ವಸ್ತುವಿಗೆ ಬೆಲೆಯೂ ಜಾಸ್ತಿಯೇ ಇರುತ್ತದೆ. ಟಿಕೆಟ್ ದುಡ್ಡಿನಲ್ಲಿ ಸಭಾಂಗಣದ ಬಾಡಿಗೆ ಕಟ್ಟುವ ತಂಡವೊಂದು ಎಲ್ಲ ಪಾತ್ರಗಳಿಗೂ ಅಂಥ ಟೋಪನ್ ತರೋಕೆ ಆಗಲ್ಲ.

ಸಿಂಥೆಟಿಕ್ ಕೂದಲನ್ನು ಇದ್ದ ಹಾಗೇ ಹಾಕಿಕೊಳ್ಳಬೇಕು, ಅದಕ್ಕೆ ಬೇರೆ ರೂಪ ಕೊಡೋಕೆ ಬರಲ್ಲ ಅಂತ ತುಂಬ ಜನ ನಂಬಿದ್ದಾರೆ. ಕೊಡಬಹುದು. ಸರಿಯಾಗಿ ಹಾಕಿದ ಸುರುಳಿ ಸಿಂಥೆಟಿಕ್‌ನಲ್ಲಿ ನಿಂತಷ್ಟು ದಿನ ನಮ್ಮ ಸ್ವಂತ ಕೂದಲಿನಲ್ಲೂ ನಿಲ್ಲುವುದಿಲ್ಲ. ಸ್ವಂತ ಕೂದಲಿಗೆ ಐರನ್ ಮಾಡಿದ ಸುರುಳಿ ಮಳೆಗಾಲದ ತೇವಕ್ಕೆ ಸಂಜೆಯೊಳಗೆ ಇಳಿದುಬಿಡುತ್ತದೆ. ಸಿಂಥೆಟಿಕ್‌ಗೆ ತೇವದ ಹಂಗಿಲ್ಲ. ತೊಳೆದು ಒಣಗಿಸಿದ ಮೇಲೂ ಸುರುಳಿ ಹಾಗೇ ಇರುತ್ತದೆ.

ಯಾಕೆ ಹೀಗೆ ಅಂತ ಗೊತ್ತಾದರೆ ಉಳಿದ ಕೆಲಸ ಸುಲಭ. ಸಿಂಥೆಟಿಕ್ ಕೂದಲು ಅಂದರೆ ಪ್ಲಾಸ್ಟಿಕ್ ಎಳೆ. ಹೆಚ್ಚಾಗಿ ಸಿಗುವುದು ಮಾಡಾಕ್ರಿಲಿಕ್. ಜಪಾನಿನ ಕನೆಕಾ ಕಂಪನಿಯ ಕನೆಕಾಲೋನ್ ಈ ಜಾತಿಯದು. ಪಾಲಿಯೆಸ್ಟರ್, ಪಿವಿಸಿ ಎಳೆಗಳೂ ಇವೆ. ಜಡೆಗೆ ಸೇರಿಸಿ ಹೆಣೆಯುವ ಅಗ್ಗದ ಚೌರಿ ಸಾಮಾನ್ಯವಾಗಿ ನೈಲಾನ್. ಇವೆಲ್ಲ ಬಿಸಿ ತಗುಲಿದರೆ ಮೆತ್ತಗಾಗುತ್ತವೆ. ಆಗ ಯಾವ ಆಕಾರದಲ್ಲಿ ಹಿಡಿದು ತಣಿಸುತ್ತೀರೋ ಆ ಆಕಾರದಲ್ಲೇ ಗಟ್ಟಿಯಾಗುತ್ತವೆ. ಬಿಸಿ ಮಿತಿ ಮೀರಿದರೆ ಎಳೆಗಳು ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿದ್ದನ್ನು ಬಿಡಿಸಲು ದಾರಿಯೇ ಇಲ್ಲ, ಕತ್ತರಿಸಿ ತೆಗೆಯಬೇಕಷ್ಟೆ. ಸ್ವಂತ ಕೂದಲಿಗೆ 180, 200 ಡಿಗ್ರಿಗೆ ಇಟ್ಟು ಅಭ್ಯಾಸವಾದ ಕರ್ಲಿಂಗ್ ಐರನ್ನನ್ನು ಹಾಗೇ ಸಾಧಾರಣ ವಿಗ್‌ಗೆ ತಗುಲಿಸಿದರೆ ಆಗುವುದು ಇದೇ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ಆದ್ದರಿಂದ ನಾನು ಕಮ್ಮಿ ಬಿಸಿ ಕೊಡುತ್ತೇನೆ, ಜಾಸ್ತಿ ಹೊತ್ತು ತಣಿಸುತ್ತೇನೆ. ಸುರುಳಿ ಹುಟ್ಟುವುದು ತಣಿಯುವಾಗ. ಅವಸರದಲ್ಲಿ ಇರುವವರಿಗೆ ಬಿಸಿ ಮಾತ್ರ ಕಾಣಿಸುತ್ತದೆ.

ಮೊದಲು ಎಳೆ ಯಾವುದು ಅಂತ ತಿಳಿದುಕೊಳ್ಳುತ್ತೇನೆ. ಪ್ಯಾಕೆಟ್ ಮೇಲೆ ಬಿಸಿ ತಡೆಯುತ್ತದೆ ಅಂತ ಬರೆದಿದ್ದರೂ ಸುಮ್ನೆ ನಂಬುವುದಿಲ್ಲ. ವಿಗ್ ತಿರುಗಿಸಿ, ಕತ್ತಿನ ಹಿಂಭಾಗದಲ್ಲಿ ಯಾರಿಗೂ ಕಾಣದ ಒಳಪದರದಿಂದ ನಾಲ್ಕೈದು ಎಳೆ ಕತ್ತರಿಸಿಕೊಳ್ಳುತ್ತೇನೆ. ಅಸಲಿಯೋ ನಕಲಿಯೋ ಅನ್ನುವ ಅನುಮಾನವಿದ್ದರೆ ಒಂದೆರಡು ಎಳೆಯನ್ನು ಚಿಮಟದಲ್ಲಿ ಹಿಡಿದು, ಬಯಲಿನಲ್ಲಿ, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡುತ್ತೇನೆ. ಅಸಲಿ ಕೂದಲು ಸುಟ್ಟ ಕೂದಲಿನ ವಾಸನೆಯನ್ನೇ ಕೊಡುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಸಿಂಥೆಟಿಕ್ ಮುದುಡಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಆ ಮಣಿ ಪೂರ್ತಿ ತಣ್ಣಗಾಗುವ ತನಕ ಮುಟ್ಟಬಾರದು. ಹೊಗೆ ಮೂಗಿಗೆ ಎಳೆದುಕೊಳ್ಳಬಾರದು. ಮಾಡಾಕ್ರಿಲಿಕ್, ಪಿವಿಸಿ ಸುಟ್ಟರೆ ಬರುವ ಹೊಗೆ ವಿಷದ್ದು. ಮಿಕ್ಕ ಎಳೆಗಳ ಮೇಲೆ ನಾನು ಮಾಡಬೇಕೆಂದಿರುವ ವಿಧಾನವನ್ನೇ ಮೊದಲು ಮಾಡಿ ನೋಡುತ್ತೇನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಿಸಿನೀರಿನ ವಿಧಾನ. ಆಫ್ರಿಕಾ ಮೂಲದ ಹೆಣ್ಣುಮಕ್ಕಳು ಕನೆಕಾಲೋನ್ ಸೇರಿಸಿ ಸಣ್ಣ ಸಣ್ಣ ಜಡೆ ಹೆಣೆದು ತುದಿಯನ್ನು ಬಿಸಿನೀರಿಗೆ ಅದ್ದುತ್ತಾರಲ್ಲ, ಅದೇ ಲೆಕ್ಕ. ನೀರಿನ ದೊಡ್ಡ ಗುಣ ಏನೆಂದರೆ ಅದು ಒಂದು ಮಿತಿ ದಾಟುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ಮಂಗಳೂರಿನಲ್ಲಾದರೆ 100. ಎಷ್ಟೇ ಉರಿ ಹಾಕಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಮೇಲೇರಲ್ಲ. ಐರನ್ನಿನಲ್ಲಿ ಈ ಭರವಸೆ ಇಲ್ಲ.

ಆದರೂ ನಾನು ಕುದಿಯುವ ನೀರು ಬಳಸುವುದಿಲ್ಲ. 75ರಿಂದ 85 ಡಿಗ್ರಿ ಸಾಕು. ಅಡುಗೆಮನೆಯ ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಅದಿಲ್ಲದವರು ಕುದಿಯುವ ನೀರನ್ನು ಒಲೆಯಿಂದ ಇಳಿಸಿ ಕೆಲವು ನಿಮಿಷ ಬಿಡಬಹುದು. ಮೊದಲ ಪರೀಕ್ಷೆಯ ಎಳೆಯಲ್ಲಿ ಸುರುಳಿ ಸರಿಯಾಗಿ ಕೂರದಿದ್ದರೆ ಮುಂದಿನ ಸಲ ಸ್ವಲ್ಪ ಬಿಸಿ ಏರಿಸುತ್ತೇನೆ.

ನೀರು ಕಾಯಿಸುವ ಮೊದಲೇ ಸುತ್ತುವ ಕೆಲಸ ಮುಗಿದಿರಬೇಕು. ವಿಗ್ಗನ್ನು ಥರ್ಮಾಕೋಲ್ ತಲೆಗೆ ಕೂರಿಸಿ, ಕೂದಲು ಹೊಲಿದಿರುವ ಟೋಪಿಯ ಅಂಚಿನಲ್ಲಿ ಗುಂಡುಸೂಜಿ ಚುಚ್ಚಿ ಅಲುಗಾಡದಂತೆ ಮಾಡುತ್ತೇನೆ. ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತಾ ಸಿಕ್ಕು ಬಿಡಿಸುತ್ತೇನೆ. ಬುಡದಿಂದ ಎಳೆದರೆ ಹೊಲಿಗೆಯಿಂದಲೇ ಕೂದಲು ಕಿತ್ತು ಬರುತ್ತದೆ. ಆಮೇಲೆ ಕತ್ತಿನ ಕಡೆಯಿಂದ ಮೇಲಕ್ಕೆ ಸಣ್ಣ ಸಣ್ಣ ಭಾಗ ಮಾಡಿಕೊಂಡು ರೋಲರ್‌ಗೆ ಸುತ್ತುತ್ತೇನೆ. ತುದಿಗೆ ತೆಳು ಬಿಳಿ ಕಾಗದ ಮಡಿಸಿ ಹಿಡಿಯಲೇಬೇಕು. ಇಲ್ಲದಿದ್ದರೆ ತುದಿಯ ಎಳೆಗಳು ಮುರಿದ ಹಾಗೆ ಮಡಚಿಕೊಂಡು, ಆ ಮಡಿಕೆಯೇ ಶಾಶ್ವತವಾಗಿ ಕೂತುಬಿಡುತ್ತದೆ. ಪತ್ರಿಕೆಯ ಕಾಗದ ಬೇಡ, ಶಾಯಿ ಬಿಡುತ್ತದೆ. ರೋಲರ್ ದಪ್ಪ ಇದ್ದಷ್ಟೂ ಅಲೆ ಅಲೆಯಾದ ಕೂದಲು, ಸಣ್ಣಗಿದ್ದಷ್ಟೂ ಗುಂಗುರು. ರಾಜನ ಪಾತ್ರಕ್ಕೆ ಭುಜದ ಮೇಲೆ ಬೀಳುವ ಗೊಂಚಲಿಗೆ ಹೆಬ್ಬೆರಳಿನ ದಪ್ಪದ್ದು ಹಾಕುತ್ತೇನೆ. ಪುಟ್ಟ ಕೃಷ್ಣನ ಮುಂಗುರುಳಿಗೆ ಪೆನ್ಸಿಲ್ ಸಾಕು. ಮುಖದ ಎರಡೂ ಬದಿಯಲ್ಲಿ ಸುರುಳಿಗಳು ಮುಖದಿಂದ ಆಚೆಗೆ ತಿರುಗಿರಬೇಕು. ಹಿಂದಿನ ಸಾಲಿನಲ್ಲಿ ಕೂತವರಿಗೆ ನಟರ ಕಣ್ಣು ಕಾಣಬೇಕಲ್ವಾ.

ಈಗ ನೀರು. ಬಕೆಟ್ ಮೇಲೆ ತಲೆಯನ್ನು ಓರೆಯಾಗಿ ಹಿಡಿದು, ಸೌಟಿನಲ್ಲಿ ಒಂದೊಂದು ರೋಲರ್‌ಗೂ ಹತ್ತು ಹದಿನೈದು ಸೆಕೆಂಡು ನೀರು ಸುರಿಯುತ್ತೇನೆ. ಟೋಪಿಯ ಎಲಾಸ್ಟಿಕ್‌ಗೆ, ಮುಂಭಾಗದ ಬಲೆಗೆ, ಅಂಟು ಹಾಕಿದ ಜಾಗಕ್ಕೆ ಬಿಸಿನೀರು ಬೀಳದಂತೆ ಟವೆಲ್ ಅಡ್ಡ ಹಿಡಿಯುತ್ತೇನೆ. ಕೈಗೆ ದಪ್ಪ ರಬ್ಬರ್ ಗ್ಲೌಸ್. ಕೂಡಲೇ ತಣ್ಣೀರು. ನಂತರ ಟವೆಲ್‌ನಲ್ಲಿ ಒತ್ತಿ ನೀರು ತೆಗೆದು ಫ್ಯಾನ್ ಕೆಳಗೆ ಇಡುತ್ತೇನೆ. ರಾತ್ರಿಯಿಡೀ ಹಾಗೇ ಇರಬೇಕು. ಜುಲೈ ತಿಂಗಳ ಜಡಿಮಳೆಯಲ್ಲಿ ಮಾರನೆಯ ದಿನವೂ ಇಡುತ್ತೇನೆ. ಹೊರಗೆ ಒಣಗಿದಂತೆ ಕಂಡರೂ ರೋಲರ್‌ನ ಒಳಸುತ್ತಿನಲ್ಲಿ ತೇವ ಉಳಿದಿರುತ್ತದೆ. ಪ್ರದರ್ಶನದ ದಿನ ಬೆಳಿಗ್ಗೆ ತಂದುಕೊಟ್ಟು ಸಂಜೆಗೆ ಬೇಕು ಅನ್ನುವವರಿಗೆ ನಾನು ಸುರುಳಿ ಕೆಲಸ ಒಪ್ಪಿಕೊಳ್ಳುವುದಿಲ್ಲ.

ಬಿಚ್ಚಿದ ಮೇಲೆ ಬ್ರಷ್ ಮುಟ್ಟಿಸಬಾರದು. ಬೆರಳಿನಲ್ಲಿ ಒಂದು ಸುರುಳಿಯನ್ನು ಎರಡಾಗಿ, ಮೂರಾಗಿ ಬಿಡಿಸಿದರೆ ಕೂದಲು ತುಂಬಿಕೊಂಡು ಕಾಣುತ್ತದೆ.

ಇಷ್ಟೆಲ್ಲ ನಡೆಯುವುದು ವಿಗ್ ಯಾರ ತಲೆಯ ಮೇಲೂ ಇಲ್ಲದಾಗ. ತಲೆಯ ಮೇಲಿರುವ ವಿಗ್‌ಗೆ, ಎಕ್ಸ್‌ಟೆನ್ಷನ್‌ಗೆ ಬಿಸಿನೀರು, ಹಬೆ, ಐರನ್ ಯಾವುದನ್ನೂ ತಗುಲಿಸಬೇಡಿ. ಈ ಒಂದು ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿ ಸುಡುತ್ತಲೇ ಇರುತ್ತದೆ. ಕ್ಲಿಪ್‌ಗಳು ಲೋಹದವು, ಬಿಸಿಯನ್ನು ನೇರವಾಗಿ ತಲೆಗೆ ಮುಟ್ಟಿಸುತ್ತವೆ. ಅಕಸ್ಮಾತ್ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಅಂಟಿದ ಪ್ಲಾಸ್ಟಿಕ್ಕನ್ನು ಕೀಳಬಾರದು, ಟೂತ್‌ಪೇಸ್ಟ್, ತುಪ್ಪ ಹಚ್ಚಬಾರದು. ಡಾಕ್ಟರ ಹತ್ತಿರ ಹೋಗಬೇಕು.

ಮದುವೆ ಮನೆಗಳಲ್ಲಿ ಈ ಅಪಾಯ ಜಾಸ್ತಿ. ವಧುವಿಗೆ ಕ್ಲಿಪ್ ಎಕ್ಸ್‌ಟೆನ್ಷನ್ ಹಾಕಿ, ಅವಳ ಕೂದಲು ಮತ್ತು ಎಕ್ಸ್‌ಟೆನ್ಷನ್ ಎರಡನ್ನೂ ಒಂದೇ ಐರನ್ನಿಗೆ ಸುತ್ತುವುದನ್ನು ನೋಡಿದ್ದೇನೆ. ಮುಹೂರ್ತದ ಒತ್ತಡ, ಸುತ್ತ ನೆಂಟರು, ಹೊರಗೆ ವಾಲಗ. ಗಮನ ಎಲ್ಲಿ ನಿಲ್ಲುತ್ತದೆ? ನಾನು ಎಕ್ಸ್‌ಟೆನ್ಷನ್ನಿಗೆ ಹಿಂದಿನ ದಿನವೇ ಮನೆಯಲ್ಲಿ ಸುರುಳಿ ಹಾಕಿ, ಬಲೆಯಲ್ಲಿ ಸುತ್ತಿ ಒಯ್ಯುತ್ತೇನೆ. ಮಂಟಪದಲ್ಲಿ ವಧುವಿನ ಸ್ವಂತ ಕೂದಲಿಗೆ ಮಾತ್ರ ಐರನ್. ಅದು ಆರಿದ ಮೇಲೆ ಕ್ಲಿಪ್ ಸೇರಿಸುವುದು. ಮೊಗ್ಗಿನ ಜಡೆಗೆ, ಭರತನಾಟ್ಯದ ಜಡೆಗೆ ಹೆಣೆಯುವ ಚೌರಿಗೆ ಸುರುಳಿಯ ಅಗತ್ಯವೇ ಇಲ್ಲ. ಅದರ ಮಡಿಕೆಗಳು ಹೋಗಲು ಬೆಚ್ಚಗಿನ ನೀರಿನಲ್ಲಿ ಅದ್ದಿ, ಬಾಚಿ, ನೇತುಹಾಕಿದರೆ ಸಾಕು.

ಬಿಸಿ ತಡೆಯುವ ಎಳೆ ಅಂತ ಪರೀಕ್ಷೆಯಲ್ಲಿ ಖಾತ್ರಿಯಾದರೆ ಮಾತ್ರ ನಾನು ಐರನ್ ಹಿಡಿಯುವುದು. ಇಂಥ ವಿಗ್‌ಗಳ ಮೇಲೆ ಸಾಮಾನ್ಯವಾಗಿ 180 ಡಿಗ್ರಿ ತನಕ ಅಂತ ಇರುತ್ತದೆ. ನಾನು 120ರಿಂದ ಶುರು ಮಾಡಿ 140ಕ್ಕೆ ನಿಲ್ಲಿಸುತ್ತೇನೆ. ಡಿಗ್ರಿ ತೋರಿಸದ, ಬರೀ ಆನ್ ಆಫ್ ಇರುವ ಐರನ್ ಈ ಕೆಲಸಕ್ಕೆ ಬೇಡವೇ ಬೇಡ. ಕೂದಲು ಪೂರ್ತಿ ಒಣಗಿರಬೇಕು, ಸ್ಪ್ರೇ ಹಾಕಿರಬಾರದು. ಐದಾರು ಸೆಕೆಂಡು ಸುತ್ತಿ ಹಿಡಿದು, ಐರನ್ನನ್ನು ಮೆಲ್ಲಗೆ ಹೊರಗೆ ಜಾರಿಸಿ, ಬಿಸಿಯಾದ ಸುರುಳಿಯನ್ನು ಬಿಚ್ಚಲು ಬಿಡದೆ ಅಂಗೈಯಲ್ಲಿ ಸುತ್ತಿದಂತೆಯೇ ಪಿನ್ ಹಾಕುತ್ತೇನೆ. ಇಲ್ಲೂ ಅಷ್ಟೇ, ಪೂರ್ತಿ ತಣಿದ ಮೇಲೇ ಬಿಚ್ಚುವುದು. ಥರ್ಮಾಕೋಲ್ ತಲೆಗೆ ಐರನ್ ತಗುಲಿದರೆ ಅದೇ ಕರಗುತ್ತದೆ, ಆದ್ದರಿಂದ ಈ ಕೆಲಸಕ್ಕೆ ದಪ್ಪ ಬಟ್ಟೆಯ ತಲೆ ಬಳಸುತ್ತೇನೆ. ಕಿಟಕಿ ತೆರೆದಿರಲಿ.

ಹಬೆಯ ಕೆಲಸ ಕಲಿಯಬೇಕೆಂದು ನನಗೆ ತೀವ್ರವಾಗಿ ಅನ್ನಿಸಿದ್ದು ಕೀಮೋಥೆರಪಿಯಲ್ಲಿದ್ದ ಒಬ್ಬ ಅಕ್ಕನಿಂದ. ಕೀಮೋ ಶುರುವಾಗಿ ಎರಡು ಮೂರು ವಾರದಲ್ಲಿ ಎಷ್ಟೋ ಜನರಿಗೆ ಕೂದಲು ಉದುರಲು ತೊಡಗುತ್ತದೆ. ಅವರು ಮೊದಲೇ ವಿಗ್ ತಂದಿದ್ದರು. ನೇರ, ಹೊಳೆಯುವ, ಕಡು ಕಪ್ಪು ಕೂದಲು. "ನಂಗೆ ಚಂದ ಕಾಣೋದು ಬೇಡಮ್ಮ, ನನ್ನ ಥರ ಕಂಡರೆ ಸಾಕು" ಅಂದರು. ಅವರ ಫೋಟೊ ಇಟ್ಟುಕೊಂಡು ಕೂತೆ. ಕಿವಿಯ ಪಕ್ಕ ಸಣ್ಣ ಅಲೆ, ಬೈತಲೆ ನಡುವಿಗಿಂತ ಸ್ವಲ್ಪ ಎಡಕ್ಕೆ, ಹಣೆಯ ಅಂಚಿನಲ್ಲಿ ಒಂದೆರಡು ಗುಂಗುರು. ಬಿಸಿನೀರಿಗೆ ಇಷ್ಟು ನಾಜೂಕು ಬರುವುದಿಲ್ಲ. ಬಟ್ಟೆಗೆ ಹಿಡಿಯುವ ಸ್ಟೀಮರನ್ನು ಗೇಣು ದೂರದಲ್ಲಿ ಹಿಡಿದು, ಒಂದೊಂದೇ ಎಳೆಗೊಂಚಲಿಗೆ ಹಬೆ ತಾಗಿಸಿ, ಬೆರಳಲ್ಲಿ ತಿರುಗಿಸಿ ಪಿನ್ ಮಾಡಿದೆ. ಬೈತಲೆಯನ್ನು ಬಾಚಣಿಗೆಯ ಬಾಲದಿಂದ ಹೊಸದಾಗಿ ತೆಗೆದು, ಹಬೆ ಕೊಟ್ಟು, ತಣಿಯುವ ತನಕ ಬಟ್ಟೆಯ ಪಟ್ಟಿ ಕಟ್ಟಿದೆ. ಜಾಸ್ತಿ ಹೊಳಪು ಹೋಗಲು ಸ್ವಲ್ಪ ಪೌಡರ್ ಹಾಕಿ ಕೊಡವಿದೆ. ಕೀಮೋದಲ್ಲಿ ನೆತ್ತಿಯ ಚರ್ಮ ತುಂಬ ಸೂಕ್ಷ್ಮವಾಗಿರುತ್ತದೆ. ಆದ್ದರಿಂದ ವಿಗ್ ಒಳಗೆ ಮೆತ್ತನೆಯ ಹತ್ತಿ ಟೋಪಿ ಹಾಕಿಕೊಳ್ಳಲು ಹೇಳಿದೆ. ಹಾಕಿಕೊಂಡು ಕನ್ನಡಿ ನೋಡಿ, ಬಲಗಡೆಯ ಗುಂಗುರನ್ನು ಅವರು ಕಿವಿಯ ಹಿಂದೆ ಸರಿಸಿಕೊಂಡರು. ನನ್ನ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಸಂಭಾವನೆ ನನಗೆ ಸಿಕ್ಕಿಲ್ಲ.

ಹಾಕಿಕೊಳ್ಳುವವರಿಗೆ ನಾನು ಬಿಡದೆ ಹೇಳುವ ಮಾತು ಬೆಂಕಿಯದು. ಮಾಡಾಕ್ರಿಲಿಕ್ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ ನಿಜ, ಆದರೆ ಕರಗುತ್ತದೆ. ಪಾಲಿಯೆಸ್ಟರ್, ನೈಲಾನ್ ಎಳೆಗಳು ಉರಿದು ತೊಟ್ಟಿಕ್ಕಬಹುದು. ಆರತಿ ತೆಗೆದುಕೊಳ್ಳುವಾಗ, ದೀಪ ಹಚ್ಚುವಾಗ, ಗ್ಯಾಸ್ ಒಲೆಯ ಮುಂದೆ ಕೂದಲನ್ನು ಹಿಂದಕ್ಕೆ ಕಟ್ಟಿರಬೇಕು. ದೀಪಾವಳಿಯಲ್ಲಿ ಪಟಾಕಿ ಹತ್ತಿರ ವಿಗ್ ಬೇಡ. ಕುಕ್ಕರ್, ಓವನ್ ಬಾಗಿಲು ತೆರೆದಾಗ ನುಗ್ಗುವ ಬಿಸಿಗೇ ಮುಂಗೂದಲು ಸುಕ್ಕಾಗಿಬಿಡುತ್ತದೆ. ಹೇರ್ ಸ್ಪ್ರೇ ಹೊತ್ತಿಕೊಳ್ಳುವ ವಸ್ತು, ರಂಗದ ಮೇಲೆ ದೀಪ ಹಚ್ಚುವ ನಾಟಕದಲ್ಲಿ ನಾನು ಅದನ್ನು ಹಾಕುವುದೇ ಇಲ್ಲ.

ತೊಳೆಯುವುದು ತಣ್ಣೀರಿನಲ್ಲಿ, ಸ್ವಲ್ಪವೇ ಶಾಂಪೂ ಹಾಕಿ. ಉಜ್ಜಬಾರದು, ಹಿಂಡಬಾರದು. ಕಾಲರ್‌ಗೆ ತಿಕ್ಕಿ ತಿಕ್ಕಿ ಕತ್ತಿನ ಹಿಂದಿನ ಕೂದಲು ಎಲ್ಲಕ್ಕಿಂತ ಮೊದಲು ಸುಕ್ಕುಗಟ್ಟುತ್ತದೆ. ಬಟ್ಟೆಗೆ ಹಾಕುವ ಫ್ಯಾಬ್ರಿಕ್ ಸಾಫ್ಟ್‌ನರ್ ಬೆರೆಸಿದ ನೀರಿನಲ್ಲಿ ನೆನೆಸಿ ತೊಳೆದು, ಆಮೇಲೆ ಹಬೆ ಕೊಡುತ್ತಾ ಬಾಚಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಆ ಭಾಗವನ್ನು ಒಂದು ಬೆರಳು ಗಿಡ್ಡ ಮಾಡುತ್ತೇನೆ. ಪೂರ್ತಿ ಸವೆದ ವಿಗ್‌ಗಳನ್ನು ಎಸೆಯುವುದಿಲ್ಲ. ನನ್ನ ಜೊತೆ ಕೆಲಸ ಕಲಿಯುವ ಹುಡುಗಿಯರು ಮೊದಲು ಐರನ್, ಸ್ಟೀಮರ್ ಹಿಡಿಯುವುದು ಅವುಗಳ ಮೇಲೆಯೇ. ಎಷ್ಟು ಡಿಗ್ರಿಗೆ ಎಳೆ ಮೆತ್ತಗಾಯಿತು, ಎಷ್ಟಕ್ಕೆ ಅಂಟಿತು ಅಂತ ಅವರೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ.