ಹೊಟ್ಟಿನ ಡ್ರಮ್ಮು: ನಮ್ಮನೆ ಸಿಲಿಂಡರ್ 40 ದಿನ ಬಂದಿದ್ದು ಹೀಗೆ

ಹೋದ ವಾರ ಸಿಲಿಂಡರ್ ಬದಲಾಯಿಸಿ ಕ್ಯಾಲೆಂಡರ್ ನೋಡ್ದೆ, ಹಿಂದಿನದು ಹಚ್ಚಿ 41 ದಿನ ಆಗಿತ್ತು. ನಮ್ದು ಏಳು ಜನದ ಮನೆ. ನಾವಿಬ್ರು, ಎರಡು ಮಕ್ಕಳು, ಅತ್ತೆ, ಮಾವ, ಜೊತೆಗೆ ಇಲ್ಲಿ ಮೈಸೂರಲ್ಲಿ ಪಿಯುಸಿ ಓದ್ತಿರೋ ನಮ್ಮಣ್ಣನ ಮಗಳು. ಎರಡು ವರ್ಷದ ಹಿಂದೆ ಇದೇ ಮನೇಲಿ ಇದೇ ಒಲೇಲಿ ಇಪ್ಪತ್ನಾಲ್ಕು ಇಪ್ಪತ್ತೈದು ದಿನಕ್ಕೆ ಸಿಲಿಂಡರ್ ಮುಗಿದು ಹೋಗ್ತಿತ್ತು, ಯುಗಾದಿ ಗೌರಿ ಹಬ್ಬ ಬಂದ್ರೆ ಇಪ್ಪತ್ತೇ ದಿನ. ಆಗ ನಾನು ಡ್ರಮ್ಮಿಗೆ ಭತ್ತದ ಹೊಟ್ಟು ತುಂಬ್ತೀನಿ, ಅದ್ರೊಳಗೆ ಕುಕ್ಕರ್ ಇಟ್ಟು ಅಡುಗೆ ಮಾಡ್ತೀನಿ ಅಂದಾಗ ಬೇಡ ಅಂದೋರೇ ಎಲ್ಲಾ. ಈಗ ಅವರೇ ಅಳತೆ ಕೇಳ್ತಿದ್ದಾರೆ, ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಯ್ತು, ಅದಕ್ಕೆ ಒಂದೇ ಸಲ ಬರೆದುಬಿಡ್ತಿದೀನಿ.

ಇದು ನಾನು ಕಂಡುಹಿಡಿದಿದ್ದಲ್ಲ. ನಮ್ಮ ತವರು ಪಾಂಡವಪುರದ ಹತ್ರ. ನಾಟಿ ಟೈಮಲ್ಲಿ ನಮ್ಮಜ್ಜಿ ಬೆಳಿಗ್ಗೆ ಹುರುಳಿಕಾಳಿನ ಮಡಿಕೆ ಚೆನ್ನಾಗಿ ಕುದಿಸಿ, ಭತ್ತದ ಹುಲ್ಲಿನ ಮಧ್ಯ ಇಳಿಸಿ, ಮೇಲೆ ಗೋಣಿಚೀಲ ಹೊದ್ದಿಸಿ ಗದ್ದೆಗೆ ಹೋಗೋರು, ಮಧ್ಯಾಹ್ನ ಬಂದು ಬಸಿದು ಒಗ್ಗರಣೆ ಹಾಕಿದ್ರೆ ಬಸ್ಸಾರು. ಕಾಳು ಬೆರಳಲ್ಲಿ ಒತ್ತಿದ್ರೆ ಹಿಟ್ಟಾಗೋದು. ಬಿಸಿ ಹೊರಗೆ ಹೋಗದೇ ಇದ್ರೆ ಬೇಯೋ ಕೆಲಸ ತಾನಾಗೇ ಆಗುತ್ತೆ ಅಷ್ಟೇ, ಅದನ್ನ ಕುಕ್ಕರಿಗೆ ಹೊಂದಿಸ್ಕೊಳ್ಳೋಕೆ ನನಗೆ ಒಂದೂವರೆ ವರ್ಷ ಬೇಕಾಯ್ತು.

ಮೊದಲು ದುಡ್ಡು ಕಳ್ಕೊಂಡ ಕಥೆ. ಗ್ಯಾಸ್ ಉಳಿಸೋಣ ಅಂತ 2,800 ಕೊಟ್ಟು ಇಂಡಕ್ಷನ್ ಸ್ಟವ್ ತಂದೆ, ನಮ್ಮ ಅಲ್ಯೂಮಿನಿಯಂ ಪಾತ್ರೆ ಯಾವ್ದೂ ಅದ್ರ ಮೇಲೆ ನಡೆಯಲ್ಲ ಅಂತ ಆಮೇಲೆ ಇನ್ನೊಂದು 1,900 ಹಾಕಿ ಎರಡು ಸ್ಟೀಲ್ ಪಾತ್ರೆ. ಗೃಹಜ್ಯೋತಿ ಇದೆಯಲ್ಲ, ಕರೆಂಟ್ ಫ್ರೀ ಅಂತ ನನ್ನ ಲೆಕ್ಕ. ಆದ್ರೆ ಅದು ಎಲ್ಲರಿಗೂ 200 ಯೂನಿಟ್ ಅಲ್ಲ ಅನ್ನೋದು ನಿಮಗೂ ಗೊತ್ತಿರುತ್ತೆ, ಹಳೇ ವರ್ಷದ ಸರಾಸರಿ ಮೇಲೆ ಹತ್ತು ಪರ್ಸೆಂಟ್. ನಮ್ದು 140ರ ಆಸುಪಾಸು ಇತ್ತು, ಅಂದ್ರೆ 155ರವರೆಗೆ ಫ್ರೀ. ಮೊದಲ ತಿಂಗಳು 190 ದಾಟಿತು, ಮೇಲಿಂದಕ್ಕೆ ಕಟ್ಟಿದ್ವಿ, ಹೋಗ್ಲಿ ಅಂದ್ಕೊಂಡೆ. ಏಪ್ರಿಲಲ್ಲಿ ಫ್ಯಾನು, ಕೂಲರ್ರು, ಜೊತೆಗೆ ನನ್ನ ಇಂಡಕ್ಷನ್ನು, 200 ದಾಟಿಬಿಡ್ತು. 200 ದಾಟಿದ್ರೆ ಪೂರ್ತಿ ಬಿಲ್ ಕಟ್ಬೇಕು. 1,600 ಚಿಲ್ಲರೆ ಬಂತು. ಆವತ್ತು ರಾತ್ರಿ ನಮ್ಮನೆಯವ್ರು ಒಂದು ಮಾತೂ ಆಡ್ಲಿಲ್ಲ, ಬಿಲ್ ತಂದು ಫ್ರಿಜ್ ಮೇಲೆ ಇಟ್ರು ಅಷ್ಟೇ. ಅದಕ್ಕಿಂತ ಬೈದಿದ್ರೇ ವಾಸಿಯಾಗಿತ್ತು. ಈಗ ಆ ಸ್ಟವ್ ಮೇಲೆ ಮಕ್ಕಳಿಗೆ ಹಾಲು ಮಾತ್ರ ಕಾಯಿಸೋದು.

ಆಮೇಲೆ ಅಜ್ಜಿ ನೆನಪಾದ್ರು. ಮೊದಲನೇ ಪ್ರಯತ್ನ ಥರ್ಮಾಕೋಲ್ ಡಬ್ಬ, ಮೀನಿನ ಅಂಗಡೀಲಿ ಇರುತ್ತಲ್ಲ ಆ ಥರದ್ದು, ಹೊಸದೇ ತಂದಿದ್ದೆ. ಒಲೆಯಿಂದ ಇಳಿಸಿದ ಕುಕ್ಕರ್ ತಳ ಎಷ್ಟು ಕಾದಿರುತ್ತೆ ಅಂತ ಯೋಚನೆ ಮಾಡದೆ ಹಾಗೇ ಇಟ್ಟೆ, ತಳ ಕರಗಿ ಕುಕ್ಕರಿಗೆ ಮೆತ್ತಿಕೊಳ್ತು, ಮನೆಯೆಲ್ಲ ವಾಸನೆ, ಆ ಕುಕ್ಕರ್ ಉಜ್ಜೋಕೆ ಎರಡು ದಿನ. ಎರಡನೇದು ನನ್ನ ಮದುವೆ ಟ್ರಂಕು, ಒಳಗೆ ಹಳೇ ಕಾಟನ್ ಸೀರೆ, ಕಂಬಳಿ. ಅದು ಅರ್ಧ ಗೆದ್ದಿತು. ಬೇಳೆ ಬೆಂತು, ಆದ್ರೆ ಆವಿಗೆ ಬಟ್ಟೆ ಒದ್ದೆ ಆಗಿ ಮೂರ್ನಾಲ್ಕು ದಿನಕ್ಕೆ ಮುಗ್ಗಲು ವಾಸನೆ, ಮಳೆಗಾಲದಲ್ಲಿ ಒಣಗಿಸೋದು ಎಲ್ಲಿ. ಅತ್ತೆ ಟ್ರಂಕ್ ಎತ್ತಿ ಅಟ್ಟಕ್ಕೆ ಹಾಕ್ಸಿದ್ರು. "ಒಲೆ ಮೇಲೆ ಬೇಯದಿದ್ದುದು ಪೆಟ್ಟಿಗೇಲಿ ಬೇಯುತ್ತೇನಮ್ಮಾ, ಹಸಿದ ಮಕ್ಕಳ ಮುಂದೆ ಇದೆಲ್ಲಾ ಬೇಡ" ಅಂದ್ರು. ತಪ್ಪು ಅವರದ್ದಲ್ಲ, ಹಿಂದಿನ ವಾರವೇ ಬೇಳೆ ಬೇಯದೆ ಕಾಳು ಕಾಳಾಗಿ ಉಳಿದು ಎಲ್ಲರೂ ಮೊಸರನ್ನ ತಿಂದು ಎದ್ದಿದ್ರು.

ಆ ಬೇಳೆ ಯಾಕೆ ಬೇಯ್ಲಿಲ್ಲ ಅನ್ನೋದು ನನಗೆ ಎಷ್ಟೋ ದಿನ ಹೊಳೀಲೇ ಇಲ್ಲ. ಒಂದೇ ಬೇಳೆ, ಒಂದೇ ಅಳತೆ, ಒಂದಿನ ಬೆಣ್ಣೆ ಥರ, ಒಂದಿನ ಕಲ್ಲು. ಕೊನೆಗೆ ಕ್ಯಾಲೆಂಡರಲ್ಲಿ ಬರೆದಿಟ್ಟಿದ್ದು ನೋಡಿದ್ರೆ, ಕೆಟ್ಟ ದಿನಗಳೆಲ್ಲ ಕಾವೇರಿ ನೀರು ಬರದ ದಿನ, ಸಂಪಿಗೆ ಬೋರ್ ನೀರು ಬಿಟ್ಟಿದ್ದ ದಿನ. ಬೋರ್ ನೀರಲ್ಲಿ ಬೇಳೆ ಬೇಯಲ್ಲ ಅಂತ ನಮ್ಮೂರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ಒಲೆ ಮೇಲಾದ್ರೆ ಇನ್ನೆರಡು ಕೂಗು ಕೂಗಿಸಿ ಸರಿಮಾಡ್ಕೋತೀವಿ, ಡ್ರಮ್ಮಲ್ಲಿ ಆ ಅವಕಾಶ ಇಲ್ಲ. ಈಗ ಅಡುಗೆಗೆ ಅಂತಲೇ ಎರಡು ಕೊಡ ಕಾವೇರಿ ನೀರು ಯಾವಾಗ್ಲೂ ತುಂಬಿ ಇಟ್ಟಿರ್ತೀನಿ. ಇದೊಂದು ಮಾಡ್ಕೊಂಡ ಮೇಲೆ ಬೇಳೆ ಒಂದು ದಿನವೂ ಕೈಕೊಟ್ಟಿಲ್ಲ.

ಈಗಿರೋ ಡ್ರಮ್ಮು ಹೀಗಿದೆ. 100 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಬಾಯಿ ಅಗಲ ಇರೋದು, ಹಳೇದು 600ಕ್ಕೆ ಸಿಕ್ತು. ಹೊಟ್ಟು ಮಂಡ್ಯ ಕಡೆ ರೈಸ್ ಮಿಲ್ಲಿಂದ ಎರಡು ಗೋಣಿಚೀಲ, ಅಣ್ಣ ಬೈಕಲ್ಲಿ ತಂದ, 80 ರೂಪಾಯಿ ಏನೋ ಕೊಟ್ಟಿದ್ದ. ಹೊಟ್ಟು ಅಂದ್ರೆ ಹೊಟ್ಟೇ ಬೇಕು, ತೌಡು ಸೇರಿರಬಾರದು, ತೌಡಿದ್ರೆ ಹುಳ ಬರುತ್ತೆ, ನನಗೆ ಬಂದಿತ್ತು. ಎರಡು ದಿನ ಮಹಡಿ ಮೇಲೆ ಬಿಸಿಲಿಗೆ ಹಾಕಿ, ಕೇರಿ, ಹಳೇ ದಿಂಬಿನ ಕವರಿಗೆ ತುಂಬಿ ಬಾಯಿ ಹೊಲಿದೆ. ತಳಕ್ಕೆ ಅರ್ಧ ಡ್ರಮ್ಮಿನಷ್ಟು ಹಾಕಿದೀನಿ, ಯಾಕಂದ್ರೆ ಬಗ್ಗಿ ಬಿಸಿ ಕುಕ್ಕರ್ ಎತ್ತೋದು ಸೊಂಟಕ್ಕೂ ಒಳ್ಳೇದಲ್ಲ, ಕೈಗೂ ಒಳ್ಳೇದಲ್ಲ. ಸುತ್ತ ಆರು ಬೆರಳು ದಪ್ಪ ಹೊಟ್ಟು ಇರ್ಲೇಬೇಕು, ನಾಲ್ಕು ಬೆರಳಿಗೆ ಇಳಿಸಿದ್ರೆ ಚಳಿಗಾಲದಲ್ಲಿ ಗೊತ್ತಾಗುತ್ತೆ. ಕುಕ್ಕರ್ ಕೂರೋ ಜಾಗದಲ್ಲಿ ಒಂದು ಹಳೇ ಅಲ್ಯೂಮಿನಿಯಂ ಡಬರಿ ಇಳಿಸಿದೀನಿ, ಬಿಸಿ ತಳ ಬಟ್ಟೆಗೆ ತಾಗಲ್ಲ. ಡಬರಿಗೂ ಕುಕ್ಕರಿಗೂ ಮಧ್ಯ ಜಾಗ ಉಳೀಬಾರದು, ಖಾಲಿ ಜಾಗವೇ ಬಿಸಿ ತಿನ್ನೋದು. ಮೇಲೆ ಹೊಟ್ಟಿನ ದಪ್ಪ ದಿಂಬು, ಅದ್ರ ಮೇಲೆ ಡ್ರಮ್ ಮುಚ್ಚಳ, ಅದ್ರ ಮೇಲೆ ಒರಳುಕಲ್ಲಿನ ಗುಂಡು. ಭಾರ ಇಲ್ಲದಿದ್ರೆ ದಿಂಬು ಕೂರಲ್ಲ.

ಆವಿಗೆ ದಿಂಬು ಒದ್ದೆ ಆಗೋದನ್ನ ಹೇಗೆ ತಪ್ಪಿಸ್ದೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ. ಮನೆಗೆ ಬಂದವರಿಗೆ ತೋರಿಸ್ತೀನಿ. ಅದಕ್ಕೆ ನಾನು ಆರು ತಿಂಗಳು ಕಷ್ಟಪಟ್ಟಿದೀನಿ.

ಕುಕ್ಕರ್ ವಿಷಯ. ಉದ್ದ ಹಿಡಿ ಇರೋದು ಡ್ರಮ್ಮಲ್ಲಿ ಕೂರಲ್ಲ, ಎರಡೂ ಕಡೆ ಕಿವಿ ಇರೋ 10 ಲೀಟರಿಂದು ಬೇಕು, ನನ್ನದು 2,400 ಆಯ್ತು, ಇದೇ ದೊಡ್ಡ ಖರ್ಚು. ಹಳೇ ಕುಕ್ಕರನ್ನೇ ಕಿವಿ ಹಾಕ್ಸೋಕೆ ಹೋಗಿ ರಿಪೇರಿಯವನು ಹಾಳು ಮಾಡಿದ್ದ, ಅದು ಬೇರೆ 350. ತೊಗರಿಬೇಳೆ ಅರ್ಧ ಗಂಟೆ ನೆನೆಸಿ, ಮೇಲೆ ಸೆಪರೇಟರಲ್ಲಿ ಅಕ್ಕಿ, ಒಂದೇ ಕೂಗು, ಆರಿಸಿ ತಕ್ಷಣ ಅಲ್ಲಾಡಿಸದೆ ಡ್ರಮ್ಮಿಗೆ. ನಲವತ್ತು ನಿಮಿಷ ತಿರುಗಿ ನೋಡಬೇಡಿ. ಮೊದಲೆಲ್ಲ ನಾಲ್ಕೈದು ಕೂಗಿಗೆ ನಿಲ್ತಿದ್ದೆ. ಕಡ್ಲೆಕಾಳು, ಹುರುಳಿ, ಒಣಗಿದ ಅವರೆಕಾಳು ಇವೆಲ್ಲ ರಾತ್ರಿ ಒಂಬತ್ತೂವರೆಗೆ ಎರಡು ಕೂಗು ಕೂಗಿಸಿ ಇಟ್ರೆ ಬೆಳಿಗ್ಗೆ ಐದೂವರೆಗೆ ತೆಗೆದಾಗ ಮುಚ್ಚಳ ಮುಟ್ಟಿದ್ರೆ ಇನ್ನೂ ಕೈ ತಡೆಯಲ್ಲ. ಆದ್ರೂ ತೆಗೆದ ತಕ್ಷಣ ಒಂದ್ಸಲ ಕುದಿಸ್ಲೇಬೇಕು. ರಾಜ್ಮಾ ಮಾತ್ರ ಮೊದಲೇ ಒಲೆ ಮೇಲೆ ಹತ್ತು ಹದಿನೈದು ನಿಮಿಷ ಜೋರಾಗಿ ಕುದೀಬೇಕು, ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತೆ, ಅದ್ರಲ್ಲಿ ಉಳಿತಾಯ ನೋಡ್ಬೇಡಿ.

ಮಾಡಿಟ್ಟ ಸಾರನ್ನ ಡ್ರಮ್ಮಲ್ಲಿಟ್ಟು ಮರೀಬಾರದು. ಒಂದಿನ ಬೆಳಿಗ್ಗೆ ಏಳಕ್ಕೆ ನುಗ್ಗೆಕಾಯಿ ಹುಳಿ ಮಾಡಿ, ಸಂಜೆಗೂ ಬಿಸಿ ಇರ್ಲಿ ಅಂತ ಅರ್ಧ ಪಾತ್ರೆ ಹುಳೀನ ಅದ್ರೊಳಗೇ ಬಿಟ್ಟು ಆಫೀಸಿಗೆ ಹೋದೆ. ಮಧ್ಯಾಹ್ನ ಅತ್ತೆ ಎರಡು ಸಲ ತೆಗೆದು ಬಡಿಸಿದಾರೆ. ಸಂಜೆ ಮುಚ್ಚಳ ತೆಗೆದ್ರೆ ಮೇಲೆ ನೊರೆ, ಉಗುರು ಬೆಚ್ಚಗೆ, ಹಳಸಿ ಹೋಗಿತ್ತು. ಪಾತ್ರೆ ತುಂಬಿರಬೇಕು, ತೆಗೆದು ತೆಗೆದು ಮುಚ್ಚಬಾರದು, ನಾಲ್ಕು ಗಂಟೆ ಒಳಗೆ ಊಟ ಮುಗೀಬೇಕು. ಮೂರರಲ್ಲಿ ಒಂದು ತಪ್ಪಿದ್ರೂ ಚೆಲ್ಲಬೇಕಾಗುತ್ತೆ.

ಗ್ಯಾಸಿಗಿಂತ ನನಗೆ ಮುಖ್ಯ ಆಗಿದ್ದು ಬೆಳಿಗ್ಗೆ ಹೊತ್ತು. ನಮ್ಮನೆಯವ್ರದ್ದು ಹೂಟಗಳ್ಳಿ ಕಡೆ ಫ್ಯಾಕ್ಟರಿ, ವಾರಕ್ಕೊಂದು ಶಿಫ್ಟು. ಮಕ್ಕಳ ವ್ಯಾನು 7:40ಕ್ಕೆ. ಐದು ಡಬ್ಬಿ ತುಂಬಬೇಕು. ಮೊದಲು ಕುಕ್ಕರ್ ಕೂಗು ಎಣಿಸ್ಕೊಂಡು ಒಲೆ ಮುಂದೆ ನಿಂತಿರ್ತಿದ್ದೆ, ಎರಡೂ ಬರ್ನರ್ ಬಿಜಿ, ತಿಂಡಿಗೆ ಜಾಗ ಇಲ್ಲ. ಈಗ 5:50ಕ್ಕೆ ಅನ್ನ ಬೇಳೆ ಡ್ರಮ್ಮಿಗೆ ಹೋಯ್ತು ಅಂದ್ರೆ ಒಂದು ಬರ್ನರ್ ಚಪಾತಿಗೆ ಒಂದು ಪಲ್ಯಕ್ಕೆ, ಮಗಳ ಜಡೆ ನಾನೇ ಹಾಕ್ತೀನಿ. ಎರಡು ವರ್ಷ ಆ ಮಗು ಜಡೆ ಅತ್ತೆ ಹಾಕ್ತಿದ್ರು, ಅವರ ಕೈಬೆರಳು ನೋವಿದ್ರೂ. ಬೆಳಿಗ್ಗೆ ಒಂದು ನಲವತ್ತು ನಿಮಿಷ ನನ್ನ ಕೈಗೆ ವಾಪಸ್ ಬಂದಿದೆ.

ಮಾವ ಒಪ್ಪಿದ್ದು ಕಾಲ್ ಸೂಪಿಗೆ. ಅವರಿಗೆ ಮಂಡಿ ನೋವು, ಆಪರೇಷನ್ ಬೇಡ ಅಂತ ಹಠ. ಒಲೆ ಮೇಲೆ ಕಾಲ್ ಸೂಪ್ ಅಂದ್ರೆ ಒಂದೂವರೆ ಗಂಟೆ ಗ್ಯಾಸ್ ಉರೀಬೇಕು, ಅದಕ್ಕೇ ತಿಂಗಳಿಗೊಂದೇ ಸಲ ಮಾಡ್ತಿದ್ವಿ. ಶನಿವಾರ ರಾತ್ರಿ ಆರು ಕೂಗು ಕೂಗಿಸಿ ಡ್ರಮ್ಮಿಗೆ ಇಳಿಸ್ದೆ, ಭಾನುವಾರ ಬೆಳಿಗ್ಗೆ ತೆಗೆದು ಕುದಿಸಿ, ಮೆಣಸು ಜೀರಿಗೆ ಬೆಳ್ಳುಳ್ಳಿ ಕುಟ್ಟಿ ಹಾಕಿ ಕೊಟ್ಟೆ. ಮೂಳೆ ಬಿಟ್ಟು ಎಲ್ಲಾ ಕರಗಿತ್ತು, ತುಟಿಗೆ ಅಂಟೋ ಥರ. ಮಾವ ಎರಡನೇ ಲೋಟ ಕೇಳಿದ್ರು, ಆಮೇಲೆ ತಾವೇ ಡ್ರಮ್ಮಿಗೆ ಅಂತ ಮರದ ಹಲಗೆ ಮಾಡ್ಸಿ ಕೆಳಗೆ ಹಾಕಿದ್ರು, ನೆಲದ ತಂಪು ಹತ್ತಬಾರದು ಅಂತ. ಅದೂ ಒಳ್ಳೇ ಐಡಿಯಾನೇ.

ಬೇರೆ ಏನೇನೋ ಟ್ರೈ ಮಾಡ್ದೆ. ಮುದ್ದೆ ಆಗಲ್ಲ, ಹಿಟ್ಟು ಬೆಂದ್ರೂ ಕೋಲು ಹಾಕಿ ತಿರುವದೆ ಮುದ್ದೆ ಆಗಲ್ಲ, ಗಂಟು ಗಂಟು. ರಾಗಿ ಅಂಬಲಿ ಮಾತ್ರ ಚೆನ್ನಾಗಿ ಬರುತ್ತೆ. ರಾಜಮುಡಿ ಅಕ್ಕಿ ಒಲೇಗಿಂತ ಡ್ರಮ್ಮಲ್ಲೇ ಚೆನ್ನ, ಒಂದು ಗಂಟೆ ಬಿಡ್ಬೇಕು. ಡಿಸೆಂಬರ್ ಜನವರೀಲಿ ದೋಸೆ ಹಿಟ್ಟು ಉಬ್ಬೋದೇ ಇಲ್ಲ ಅಲ್ವಾ, ಡ್ರಮ್ಮಲ್ಲಿ ಒಂದು ಚೊಂಬು ಬಿಸಿನೀರು ಜೊತೆಗಿಟ್ಟು ಹಿಟ್ಟಿನ ಪಾತ್ರೆ ಇಟ್ರೆ ಬೆಳಿಗ್ಗೆ ಮುಚ್ಚಳ ತಳ್ಳಿರುತ್ತೆ. ಮೊಸರೂ ಅಷ್ಟೇ, ಹೆಪ್ಪು ಗಟ್ಟಿ ಕೂರುತ್ತೆ. ಬಾಳೆಹಣ್ಣು ಹಣ್ಣು ಮಾಡೋಕೆ ಹೋಗಿ ಎರಡು ಚಿಪ್ಪು ನಂಜನಗೂಡು ರಸಬಾಳೆ ಕಪ್ಪಾಗಿ ಕೊಳೀತು, ಅಷ್ಟು ದುಡ್ಡಿನ ಹಣ್ಣು, ಇವತ್ತಿಗೂ ಹೊಟ್ಟೆ ಉರಿಯುತ್ತೆ.

ತರಕಾರಿ ಅತ್ತೆ ನೋಡ್ಕೋತಾರೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಿಟಿ ಬಸ್ಸಲ್ಲಿ ದುಡ್ಡಿಲ್ಲದೆ ದೇವರಾಜ ಮಾರ್ಕೆಟ್ಟಿಗೆ ಹೋಗಿ ಬರ್ತಾರೆ, ವಾರಕ್ಕೊಂದು ಸಲ, ಎರಡು ಬ್ಯಾಗು. ಮೊದಲು ನಾನು ಆಫೀಸಿಂದ ಬರ್ತಾ ಬೀದಿ ಅಂಗಡೀಲಿ ಕೇಳಿದಷ್ಟು ಕೊಟ್ಟು ತರ್ತಿದ್ದೆ, ಈಗ ವಾರಕ್ಕೆ ಇನ್ನೂರೈವತ್ತು ಮುನ್ನೂರು ಉಳಿಯುತ್ತೆ. ಈರನಗೆರೆ ಬದನೆಕಾಯಿ ಆರಿಸೋದ್ರಲ್ಲಿ ಅವರನ್ನ ಮೀರಿಸೋರಿಲ್ಲ. ಭಾನುವಾರ ಎಲ್ಲರೂ ಸೇರಿ ಒಂದೂವರೆ ಗಂಟೆ ಕಾಯಿ ತುರಿದು, ಬೆಳ್ಳುಳ್ಳಿ ಬಿಡಿಸಿ, ಹುಣಸೆ ರಸ ಕುದಿಸಿ ಬಾಟಲಿಗೆ ತುಂಬಿಟ್ಟುಬಿಡ್ತೀವಿ. ಸಾರಿನ ಪುಡಿ ಅಳತೆ ಕೇಳಬೇಡಿ, ಅದು ಅತ್ತೇದು, ನನಗೇ ಹತ್ತು ವರ್ಷ ಆದ್ಮೇಲೆ ಕೊಟ್ಟಿದ್ದು.

ಲೆಕ್ಕ ಒಟ್ಟು ಹೀಗೆ. ಹುಡುಗನ ಕೈಗೆ ಕೊಡೋದೂ ಸೇರಿ ಸಿಲಿಂಡರ್ 900 ಅಂತ ಇಟ್ಕೊಳ್ಳಿ. ಮೊದಲು ವರ್ಷಕ್ಕೆ 15, ಈಗ 9, ಒಂದೊಂದ್ಸಲ 10. ಅಂದ್ರೆ ಐದು ಸಾವಿರ ಉಳೀತು. ಪೂರ್ತಿ ಡ್ರಮ್ಮಿಂದಲೇ ಅಂತ ಹೇಳಲ್ಲ, ಮಳೆಗಾಲದಲ್ಲಿ ಸೋಲಾರ್ ಕೈಕೊಟ್ಟಾಗ ಮಾವನ ಸ್ನಾನದ ನೀರು ಗ್ಯಾಸಲ್ಲಿ ಕಾಯಿಸೋದನ್ನ ನಿಲ್ಲಿಸಿ ಊರಿಂದ ತಂದ ತೆಂಗಿನ ಮಟ್ಟೆ ಹಾಕಿ ಹಂಡೆ ಹಚ್ತೀವಿ, ಅದೂ ಸೇರಿದೆ. ಡ್ರಮ್ಮು ಕುಕ್ಕರ್ ಹೊಟ್ಟು ಎಲ್ಲಾ ಸೇರಿ ಮೂರು ಸಾವಿರದ ಮೇಲೆ ಖರ್ಚು, ಮೊದಲು ಹಾಳು ಮಾಡಿದ್ದು ಇಂಡಕ್ಷನ್, ಆ ಬಿಲ್ಲು, ಎಲ್ಲಾ ಸೇರಿದ್ರೆ ಇನ್ನೊಂದು ಏಳು ಸಾವಿರ ಹತ್ರ. ಈ ವರ್ಷದಿಂದ ಬರೋದು ನಿಜವಾದ ಲಾಭ.

ನಾದಿನಿ ಶ್ರೀರಂಗಪಟ್ಟಣದಲ್ಲಿ ಒಂದು ಡ್ರಮ್ಮು ಮಾಡ್ಕೊಂಡಿದಾಳೆ. ಅವಳದ್ದು ನಾಲ್ಕೇ ಬೆರಳು ಹೊಟ್ಟು, ಮೇಲೆ ಗುಂಡುಕಲ್ಲೂ ಇಲ್ಲ, ಬೇಳೆ ಸರಿ ಬೇಯ್ತಿಲ್ಲ ಅಂತ ಮೊನ್ನೆ ಫೋನ್ ಮಾಡಿದ್ಳು. ಈ ಭಾನುವಾರ ಇನ್ನೊಂದು ಚೀಲ ಹೊಟ್ಟು ತಗೊಂಡು ಹೋಗ್ತಿದೀವಿ, ಅತ್ತೇನೂ ಬರ್ತೀನಿ ಅಂದಿದಾರೆ, ದಿಂಬಿನ ಕವರ್ ಅವರೇ ಹೊಲಿದು ಇಟ್ಟಿದಾರೆ.