ಇಸಿಎಚ್‌ಎಸ್ ಕಾರ್ಡ್ ಇದ್ದಷ್ಟಕ್ಕೇ ಆಗುವುದಿಲ್ಲ: ಹೆಸರು, ರೆಫರಲ್, 48 ತಾಸು

ಇಸಿಎಚ್‌ಎಸ್ ಎಂದರೆ ಮಾಜಿ ಸೈನಿಕರ ವಂತಿಗೆಯ ಆರೋಗ್ಯ ಯೋಜನೆ. ರೋಣ, ಶಿರಹಟ್ಟಿ, ಹಾನಗಲ್ ಕಡೆಯಿಂದ ಧಾರವಾಡದಲ್ಲಿರುವ ಅದರ ದವಾಖಾನೆ, ಅಂದರೆ ಪಾಲಿಕ್ಲಿನಿಕ್‌ಗೆ ಬರುವ ಮಾಜಿ ಸೈನಿಕರ ಕಾಗದಪತ್ರ ನೋಡುತ್ತ ಬಂದಿದ್ದೇನೆ. ಹೆಚ್ಚಿನವರ ಕೆಲಸ ಕೆಡುವುದು ಡಾಕ್ಟರ ಕೋಣೆ ತಲುಪುವ ಮೊದಲೇ. ಆರೋಗ್ಯ ಚೆನ್ನಾಗಿರುವಾಗ ಕಡತ ಸರಿ ಮಾಡಿಕೊಂಡವರಿಗೆ ಈ ಯೋಜನೆಯಷ್ಟು ಅನುಕೂಲ ಬೇರೊಂದಿಲ್ಲ. ಐಸಿಯು ಬಾಗಿಲಲ್ಲಿ ನಿಂತು ಕಾಗದ ಹುಡುಕುವವರಿಗೆ ಇದರಷ್ಟು ತಲೆನೋವೂ ಬೇರೊಂದಿಲ್ಲ.

ಇಸಿಎಚ್‌ಎಸ್ ಶುರುವಾದದ್ದು 2003ರ ಏಪ್ರಿಲ್ 1ರಂದು. ಪಿಂಚಣಿದಾರರು ಒಂದು ಸಲ ವಂತಿಗೆ ಕಟ್ಟಿದರೆ ಜೀವನಪೂರ್ತಿ ಸದಸ್ಯತ್ವ. 2017ರ ಕೊನೆಗೆ ನಿಗದಿಯಾದಂತೆ ಹವಾಲ್ದಾರ್‌ವರೆಗೆ 30,000, ಜೆಸಿಒಗಳಿಗೆ (ಸುಬೇದಾರ್ ದರ್ಜೆಯವರಿಗೆ) 67,000, ಅಧಿಕಾರಿಗಳಿಗೆ 1,20,000 ರೂಪಾಯಿ. 1996ರ ಜನವರಿ 1ಕ್ಕಿಂತ ಮೊದಲು ನಿವೃತ್ತರಾದವರು ಮತ್ತು ಯುದ್ಧದಲ್ಲಿ ಮಡಿದವರ ಪತ್ನಿಯರು ಕಟ್ಟಬೇಕಿಲ್ಲ. ವಾರ್ಡ್ ಕೂಡ ಇದೇ ಲೆಕ್ಕದಲ್ಲಿ: ಹವಾಲ್ದಾರ್‌ವರೆಗೆ ಸಾಮಾನ್ಯ, ಜೆಸಿಒಗೆ ಸೆಮಿ ಪ್ರೈವೇಟ್, ಅಧಿಕಾರಿಗೆ ಪ್ರೈವೇಟ್. ಮೇಲಿನ ವಾರ್ಡ್ ಬೇಕೆಂದರೆ ವ್ಯತ್ಯಾಸದ ಹಣ ನಿಮ್ಮದೇ.

ಹೆಸರಿನ ತೊಡಕನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವ ರೂಢಿ ಇನ್ನೂ ಇದೆ. ಆಕೆ ತವರಿನಲ್ಲಿ ಶಾಂತವ್ವ, ಗಂಡನ ಮನೆಯಲ್ಲಿ ಗಿರಿಜವ್ವ. ಫೌಜಿಯಾದವನು ರಜೆ ಮುಗಿಸಿ ಯೂನಿಟ್‌ಗೆ ಹೋದಾಗ ಸೈನಿಕರ ಮದುವೆ, ಮಕ್ಕಳ ವಿವರ ದಾಖಲಿಸುವ ಪಾರ್ಟ್ ಟೂ ಆರ್ಡರ್‌ನಲ್ಲಿ ಬರೆಸಿದ್ದು ಒಂದು, ಮೂವತ್ತು ವರ್ಷ ಕಳೆದು ಆಧಾರ್‌ನಲ್ಲಿ ಬಂದದ್ದು ಇನ್ನೊಂದು. ಪಿಪಿಒದಲ್ಲಿರುವ (ಪಿಂಚಣಿ ಮಂಜೂರಾತಿ ಆದೇಶದಲ್ಲಿರುವ) ಹೆಸರಿಗೂ ಆಧಾರ್‌ಗೂ ತಾಳೆಯಾಗದಿದ್ದರೆ ಕಾರ್ಡ್ ಅರ್ಜಿ ವಾಪಸ್ ಬರುತ್ತದೆ. ಹುಟ್ಟಿದ ತಾರೀಖಿನದೂ ಇದೇ ಕಥೆ: ಹಳ್ಳಿಯ ಹಿರಿಯರ ಆಧಾರ್‌ನಲ್ಲಿ ಬಹಳ ಸಲ ಜನವರಿ 1 ಅಂತ ಇರುತ್ತದೆ, ಸೇನೆಯ ದಾಖಲೆಯಲ್ಲಿ ಬೇರೆ.

ಯಾವುದನ್ನು ತಿದ್ದಿಸಬೇಕು? ಪಿಂಚಣಿ, ಬ್ಯಾಂಕ್ ಎಲ್ಲ ಹಳೇ ಹೆಸರಲ್ಲಿದ್ದು ಆಧಾರ್ ಒಂದೇ ಬೇರೆ ಇದ್ದರೆ ಆಧಾರ್ ತಿದ್ದಿಸಿ, ಅದು ಸಲೀಸು. ರೇಷನ್ ಕಾರ್ಡ್, ಬ್ಯಾಂಕ್, ಹೊಲದ ಉತಾರ ಎಲ್ಲವೂ ಹೊಸ ಹೆಸರಲ್ಲಿದ್ದರೆ ಸೇನೆಯ ದಾಖಲೆ ತಿದ್ದಿಸುವುದೇ ಲೇಸು. ಅದಕ್ಕೆ ಎರಡೂ ಹೆಸರು ಒಬ್ಬರದೇ ಎನ್ನುವ ಅಫಿಡವಿಟ್, ಆಧಾರ್, ಮದುವೆ ನೋಂದಣಿ ಪತ್ರ, ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ನಕಲು ಸೇರಿಸಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಮೂಲಕ ನಿಮ್ಮ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಕಳಿಸಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿಯಲ್ಲೇ ಇದೆ, ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್. ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಅದಕ್ಕೇ ಕಾಯಿಲೆ ಬರುವ ಮೊದಲೇ ಮಾಡಿ ಎನ್ನುವುದು. ಮಕ್ಕಳ ಕಾರ್ಡಿಗೂ ಮಿತಿ ಇದೆ. ಮಗನಿಗೆ 25 ತುಂಬಿದರೆ ಅಥವಾ ಅವನು ದುಡಿಯತೊಡಗಿದರೆ ಕಾರ್ಡ್ ನಿಲ್ಲುತ್ತದೆ. ಮಗಳಿಗೆ ಮದುವೆ ಇಲ್ಲವೇ ನೌಕರಿ ಆಗುವತನಕ ನಡೆಯುತ್ತದೆ.

ಹೊರಗಿನ ಆಸ್ಪತ್ರೆಗೆ ಹೋಗಲು ಪಾಲಿಕ್ಲಿನಿಕ್ ಬರೆದುಕೊಡುವ ರೆಫರಲ್ ಚೀಟಿಯನ್ನು ಕೌಂಟರ್ ಬಿಡುವ ಮೊದಲೇ ನಿಂತು ಓದಿ. ಅದರಲ್ಲಿ ಬರೀ ಸಲಹೆ ಅಂತ ಇದ್ದರೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತಜ್ಞರು ಸ್ಕ್ಯಾನ್ ಹೇಳಿದಾಗ ಕೌಂಟರಿನವರು ಒಪ್ಪುವುದಿಲ್ಲ, ತಿರುಗಿ ಧಾರವಾಡಕ್ಕೆ ಬರಬೇಕು. ರೋಣದಿಂದ ಬಂದವರಿಗೆ ಅಲ್ಲಿಗೆ ಒಂದು ದಿನ ಹೋಯಿತು. ಹಾಗಾಗಿ ತೊಂದರೆಯನ್ನು ಮೆಡಿಕಲ್ ಆಫೀಸರಿಗೆ ಪೂರ್ತಿ ಹೇಳಿ, ಹಳೇ ರಿಪೋರ್ಟ್ ತೋರಿಸಿ, ತಪಾಸಣೆಯೂ ಸೇರಿರುವಂತೆ ಬರೆಯಿರಿ ಎಂದು ಕೇಳಿ. ಚೀಟಿಯ ಅವಧಿ, ವಿಭಾಗ, ಆಸ್ಪತ್ರೆಯ ಹೆಸರು ಮೂರನ್ನೂ ನೋಡಿಕೊಳ್ಳಿ. ಒಂದು ಆಸ್ಪತ್ರೆ ಎಲ್ಲ ವಿಭಾಗಕ್ಕೂ ಯೋಜನೆ ಒಪ್ಪಿದ ಆಸ್ಪತ್ರೆಗಳ ಪಟ್ಟಿಯಲ್ಲಿರಬೇಕೆಂದಿಲ್ಲ. ಕಣ್ಣಿಗೆ ಇದ್ದು ಹೃದಯಕ್ಕೆ ಇಲ್ಲದಿರಬಹುದು.

ತುರ್ತು ಪರಿಸ್ಥಿತಿಯಲ್ಲಿ ರೆಫರಲ್ ಬೇಕಿಲ್ಲ. ಪಟ್ಟಿಯಲ್ಲಿರುವ ಆಸ್ಪತ್ರೆಯಾದರೆ ಕಾರ್ಡ್ ತೋರಿಸಿದ ಕೂಡಲೇ ದಾಖಲು ಮಾಡಿಕೊಂಡು ಆನ್‌ಲೈನಿನಲ್ಲಿ ತಿಳಿಸುವುದು ಅವರ ಹೊಣೆ. ಅಡ್ವಾನ್ಸ್ ಕೇಳುವಂತಿಲ್ಲ. ಆದರೂ ಕೇಳುವವರಿದ್ದಾರೆ. ಆಗ ಜಗಳಕ್ಕೆ ನಿಲ್ಲದೆ ರಸೀದಿ ಕೊಡಿ ಅನ್ನಿ, ಯಾವುದಕ್ಕೆ ಎಂದು ಬರೆಸಿಕೊಳ್ಳಿ. ಆ ರಸೀದಿಯೊಂದಿಗೆ ಪಾಲಿಕ್ಲಿನಿಕ್‌ನ ಆಫೀಸರ್ ಇನ್ ಚಾರ್ಜ್‌ಗೆ, ಅಲ್ಲಿ ಆಗದಿದ್ದರೆ ಬೆಂಗಳೂರಿನ ರೀಜನಲ್ ಸೆಂಟರ್‌ಗೆ ಲಿಖಿತ ದೂರು ಕೊಡಬಹುದು. ಬಾಯಿಮಾತಿನ ದೂರು ಅಲ್ಲಿಗೇ ಮುಗಿಯುತ್ತದೆ.

ಹೃದಯಾಘಾತವಾದವರನ್ನು ಪಟ್ಟಿ ನೋಡುತ್ತ ಅಲೆದಾಡಿಸಬೇಡಿ, ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಅದು ಪಟ್ಟಿಯಲ್ಲಿ ಇಲ್ಲದ್ದಾದರೆ 48 ತಾಸಿನೊಳಗೆ ಪಾಲಿಕ್ಲಿನಿಕ್‌ಗೆ ಸುದ್ದಿ ಮುಟ್ಟಿಸಬೇಕು. ಭಾನುವಾರ ಬಂತು ಅಂತ ಕಾಯಬೇಡಿ, ಇಮೇಲ್ ಹಾಕಿ. ಕಾರ್ಡ್ ನಂಬರ್, ಸರ್ವೀಸ್ ನಂಬರ್, ರ‍್ಯಾಂಕ್, ರೋಗಿಯ ಹೆಸರು, ಆಸ್ಪತ್ರೆ, ದಾಖಲಾದ ದಿನ ಮತ್ತು ವೇಳೆ, ಡಾಕ್ಟರು ಹೇಳಿದ ಕಾಯಿಲೆ ಇಷ್ಟೂ ಅದರಲ್ಲಿರಲಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ.

ಇಂಥ ಕಡೆ ಬಿಲ್ ಮೊದಲು ನೀವು ಕಟ್ಟಬೇಕು, ಆಮೇಲೆ ಸಿಜಿಎಚ್‌ಎಸ್ (ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ) ದರದಲ್ಲಿ ವಾಪಸ್ ಬರುತ್ತದೆ. ಎರಡು ಲಕ್ಷ ಕಟ್ಟಿದ್ದಕ್ಕೆ ಎರಡೂ ಲಕ್ಷ ಬರುತ್ತದೆಂದು ನಂಬಿ ಸಾಲ ಮಾಡಬೇಡಿ. ಜೀವ ಅಪಾಯದಿಂದ ಪಾರಾದ ಮೇಲೆ ಪಟ್ಟಿಯ ಆಸ್ಪತ್ರೆಗೆ ಸಾಗಿಸುವ ಮಾತು ಎತ್ತಿ. ಡಿಸ್ಚಾರ್ಜ್ ದಿನ ತುರ್ತಾಗಿ ದಾಖಲಾದದ್ದೆಂದು ತಿಳಿಸುವ ಪ್ರಮಾಣಪತ್ರದಲ್ಲಿ ಡಾಕ್ಟರ ಸಹಿ, ಸೀಲ್, ನೋಂದಣಿ ಸಂಖ್ಯೆ ಇವೆಯೇ ನೋಡಿ. ಪ್ಯಾಕೇಜ್ ಎಂದು ಒಂದೇ ಸಾಲಿನ ಬಿಲ್ ಕೊಟ್ಟರೆ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಸ್ಟೆಂಟ್ ಹಾಕಿದ್ದರೆ ಅದರ ಡಬ್ಬಿಯ ಮೇಲಿನ ಸ್ಟಿಕರ್ ಮತ್ತು ಇನ್‌ವಾಯ್ಸ್ ಬೇಕೇ ಬೇಕು. ಮನೆಗೆ ಬಂದ ಮೇಲೆ ಸ್ಟಿಕರ್ ಕೇಳಿದರೆ ಯಾರೂ ಹುಡುಕಿ ಕೊಡುವುದಿಲ್ಲ. ಮೂಲ ಕಾಗದ ಸಲ್ಲಿಸುವ ಮುಂಚೆ ಇಡೀ ಗಂಟಿನ ಜೆರಾಕ್ಸ್ ತೆಗೆದಿಟ್ಟುಕೊಂಡು, ಸ್ವೀಕೃತಿಗೆ ಸಹಿ ಹಾಕಿಸಿಕೊಳ್ಳಿ.

ಇನ್ನು ಗುಳಿಗೆ. ಹುಬ್ಬಳ್ಳಿಯ ಡಾಕ್ಟರು ಬರೆಯುವುದು ಕಂಪನಿಯ ಹೆಸರು, ಪಾಲಿಕ್ಲಿನಿಕ್‌ನಲ್ಲಿ ಕೊಡುವುದು ಅದೇ ಔಷಧದ ಬೇರೆ ಹೆಸರಿನ ಗುಳಿಗೆಪಟ್ಟಿ (ಸ್ಟ್ರಿಪ್). ಬಿಪಿಗೆ ಟೆಲ್ಮಿಸಾರ್ಟನ್ 40 ತೆಗೆದುಕೊಳ್ಳುವ ಅಜ್ಜ, ಮನೆಯಲ್ಲುಳಿದ ಹಳೇ ಪಟ್ಟಿಯನ್ನೂ ಹೊಸದನ್ನೂ ಬೇರೆಬೇರೆ ಎಂದುಕೊಂಡು ಎರಡನ್ನೂ ನುಂಗುತ್ತಾನೆ. ಎದ್ದು ನಿಂತಾಗ ತಲೆ ತಿರುಗಿ ಬೀಳುತ್ತಾನೆ. ಸಕ್ಕರೆ ಕಾಯಿಲೆಯವರಿಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಕೂಡಿದ ಒಂದೇ ಗುಳಿಗೆಯ ಬದಲು ಎರಡು ಬಿಡಿ ಗುಳಿಗೆ ಸಿಗುತ್ತವೆ. ಹಳೇ ಜೋಡಿ ಗುಳಿಗೆಯನ್ನೂ ಮುಂದುವರಿಸಿದರೆ ಸಕ್ಕರೆ ಒಮ್ಮೆಲೇ ಕುಸಿಯುತ್ತದೆ. ಹಾಗಾಗಿ ಹಳೇ ಪಟ್ಟಿಗಳನ್ನು ಒಯ್ದು ಫಾರ್ಮಸಿಸ್ಟ್ ಮುಂದೆ ಇಟ್ಟು, ಯಾವುದರ ಬದಲಿಗೆ ಯಾವುದು ಎಂದು ಕೇಳಿ ಪಟ್ಟಿಯ ಬೆನ್ನಿಗೆ ಕನ್ನಡದಲ್ಲಿ ಬರೆಸಿಕೊಳ್ಳಿ. ಸ್ಟಾಕ್ ಇಲ್ಲದ ಔಷಧಕ್ಕೆ ಎನ್‌ಎ (ಲಭ್ಯವಿಲ್ಲ) ಎಂದು ಸೀಲ್ ಹಾಕಿಸಿಕೊಂಡ ಮೇಲೆಯೇ ಹೊರಗೆ ಕೊಳ್ಳಿ. ಸೀಲ್ ಇಲ್ಲದ ಬಿಲ್ಲಿಗೆ ದುಡ್ಡು ಬರುವುದಿಲ್ಲ.

ಇನ್ಸುಲಿನ್ ಒಯ್ಯುವವರು ಬೇಸಿಗೆಯಲ್ಲಿ ಅಗಲ ಬಾಯಿಯ ಥರ್ಮಾಸ್ ತರಬೇಕು. ತಳಕ್ಕೆ ಐಸ್, ಮೇಲೆ ದಪ್ಪ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸೀಸೆ. ಐಸಿಗೆ ತಾಗಿ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಫ್ರಿಜ್ ಇಲ್ಲದ ಮನೆಯಲ್ಲಿ ದೊಡ್ಡ ಗಡಿಗೆಗೆ ಹಸಿ ಉಸುಕು ತುಂಬಿ ನಡುವೆ ಸಣ್ಣ ಗಡಿಗೆ ಹೂಳಿ, ಅದರೊಳಗೆ ಸೀಸೆ ಇಟ್ಟು ಮೇಲೆ ಒದ್ದೆ ಬಟ್ಟೆ ಮುಚ್ಚಬೇಕು. ಉಸುಕಿಗೆ ಮುಂಜಾನೆ, ಸಂಜೆ ನೀರು ಹಾಕಿ. ಬಳಸುತ್ತಿರುವ ಒಂದು ಸೀಸೆಗೆ ಮಾತ್ರ ಈ ವ್ಯವಸ್ಥೆ ಸಾಕು. ತಿಂಗಳುಗಟ್ಟಲೆಯ ದಾಸ್ತಾನನ್ನು ಫ್ರಿಜ್ ಇರುವ ನೆರೆಮನೆಯಲ್ಲೇ ಇಡಿ.