ಬೆಚ್ಚಗಾದ ಹೆಸರುಕಾಳು

ಹತ್ತನೇ ತರಗತಿಯಲ್ಲಿ ಉಸಿರಾಟದ ಪಾಠ ಬಂದಾಗಲೆಲ್ಲ ಮಕ್ಕಳು ಮೂಗು, ಎದೆ ತೋರಿಸುತ್ತಾರೆ. ನಿಜವಾದ ಕೆಲಸ ನಡೆಯುವುದು ಜೀವಕೋಶದೊಳಗೆ ಅಂತ ಎಷ್ಟು ಸಲ ಹೇಳಿದರೂ ಅದು ಸುಮ್ನೆ ಪರೀಕ್ಷೆಯ ಉತ್ತರವಾಗಿ ಉಳಿಯುತ್ತಿತ್ತು. ಹಾಗಾಗಿ ಗದಗ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಮೂಗೇ ಇಲ್ಲದ ಜೀವವೊಂದನ್ನು ಆರಿಸಿಕೊಂಡೆ. ಹೆಸರುಕಾಳು.

ಎರಡು ಥರ್ಮಾಸ್ ಫ್ಲಾಸ್ಕ್ ತಂದೆ. ಒಂದರಲ್ಲಿ ಮೊಳಕೆ ಬಂದ ಕಾಳು. ಇನ್ನೊಂದರಲ್ಲಿ ಅದೇ ಕಾಳನ್ನು ಐದು ನಿಮಿಷ ಕುದಿಸಿ ಆರಲು ಬಿಟ್ಟದ್ದು. ಬಾಯಿಗೆ ಹತ್ತಿ ತುರುಕಿ, ನಡುವೆ ಥರ್ಮಾಮೀಟರ್ ಇಳಿಬಿಟ್ಟೆವು. ಎರಡರಲ್ಲೂ 27 ಡಿಗ್ರಿ ಇತ್ತು. ಮರುದಿನ ಮೊಳಕೆಯದು 33. ಕೈ ಹಾಕಿ ನೋಡಿದವರೆಲ್ಲ "ಜ್ವರ ಬಂದಂಗ ಆಗೇತ್ರಿ ಅಕ್ಕೋರ" ಅಂದರು.

ಆ ಬಿಸಿ ಎಲ್ಲಿಂದ ಬಂತು? ಲಕ್ಕುಂಡಿಯ ಮುಸುಕಿನ ಬಾವಿ ಎಂಬ ಹಳೆಯ ಮೆಟ್ಟಿಲುಬಾವಿಯನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ಮೇಲಿಂದ ಧುಮುಕುವುದು ಬೇರೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಬೇರೆ ಅಲ್ವಾ? ಜೀವಕೋಶ ಗ್ಲೂಕೋಸನ್ನು ಹಾಗೆ ಮೆಲ್ಲಗೆ ಇಳಿಸುತ್ತಾ, ಸಿಕ್ಕ ಶಕ್ತಿಯನ್ನು ಎಟಿಪಿ ಎಂಬ ಚಿಲ್ಲರೆಯಾಗಿ, ಅಂದರೆ ಬೇಕಾದಾಗ ಖರ್ಚು ಮಾಡಬಹುದಾದ ಪುಟ್ಟ ಅಣುಗಳಾಗಿ, ಮಾಡಿಕೊಳ್ಳುತ್ತದೆ. ಮೊದಲು ಆರು ಕಾರ್ಬನ್ನಿನ ಗ್ಲೂಕೋಸ್ ಮುರಿದು, ಮೂರು ಕಾರ್ಬನ್ನಿನ ಎರಡು ಪೈರುವೇಟ್ ಆಗುತ್ತದೆ. ಇದಕ್ಕೆ ಆಮ್ಲಜನಕ ಬೇಡ, ಲಾಭ ಎರಡೇ ಎಟಿಪಿ. ದೊಡ್ಡ ಗಳಿಕೆಯೆಲ್ಲ ಜೀವಕೋಶದೊಳಗಿನ ಪುಟ್ಟ ಅಂಗವಾದ ಮೈಟೊಕಾಂಡ್ರಿಯದಲ್ಲಿ. ಪೈರುವೇಟಿನ ಕಾರ್ಬನ್ ಅಲ್ಲಿ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಗ್ಲೂಕೋಸಿನಿಂದ ಬಿಡಿಸಿಕೊಂಡ ಎಲೆಕ್ಟ್ರಾನುಗಳು ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಕೈಯಿಂದ ಕೈಗೆ ಸಾಗುತ್ತವೆ. ಕಟ್ಟಕಡೆಯ ಮೆಟ್ಟಿಲಲ್ಲಿ ಆಮ್ಲಜನಕ ಅವನ್ನು ತಗೊಂಡು ನೀರಾಗುತ್ತದೆ. ನಾನು ಓದುವಾಗ ಒಂದು ಗ್ಲೂಕೋಸಿಗೆ 38 ಎಟಿಪಿ ಅಂತ ಬಾಯಿಪಾಠ ಮಾಡಿದ್ದೆ. ಪೊರೆಯಲ್ಲಿ ಸೋರುವುದು, ಸಾಗಣೆಗೆ ಖರ್ಚಾಗುವುದು ಕಳೆದರೆ 30ರಿಂದ 32 ಎಂಬುದು ಈಗಿನ ಲೆಕ್ಕ. ಅರ್ಧಕ್ಕಿಂತ ಜಾಸ್ತಿ ಶಕ್ತಿ ಬಿಸಿಯಾಗಿಯೇ ಹೋಗುತ್ತದೆ. ಥರ್ಮಾಮೀಟರ್ ತೋರಿಸಿದ್ದು ಅದನ್ನೇ.

ಮೂರನೇ ದಿನ ಎಡವಟ್ಟಾಯಿತು. "ಅಕ್ಕೋರ, ಕುದಿಸಿದ ಕಾಳೂ ಬೆಚ್ಚಗಾಗ್ಯಾವ್ರಿ!" ಅಂತ ಒಬ್ಬ ಹುಡುಗ ಓಡಿ ಬಂದ. 31 ಡಿಗ್ರಿ. ಸತ್ತ ಕಾಳು ಉಸಿರಾಡೀತೇ? ಹತ್ತಿ ತೆಗೆದರೆ ಹುಳಿ ವಾಸನೆ, ಕಾಳೆಲ್ಲ ಅಂಟಂಟು. ಉಸಿರಾಡುತ್ತಿದ್ದದ್ದು ಕಾಳಲ್ಲ, ಅದನ್ನು ತಿನ್ನುತ್ತಿದ್ದ ಬ್ಯಾಕ್ಟೀರಿಯಾ. ಮುಂದಿನ ವಾರ ಎರಡೂ ಪಾಲಿನ ಕಾಳು, ಫ್ಲಾಸ್ಕು ಎಲ್ಲವನ್ನೂ ತೆಳುವಾದ ಬ್ಲೀಚಿಂಗ್ ಪುಡಿ ನೀರಿನಲ್ಲಿ ತೊಳೆದು, ಒಳ್ಳೆ ನೀರಿನಲ್ಲಿ ಜಾಲಿಸಿ ತುಂಬಿದೆವು. ಈ ಸಲ ಕುದಿಸಿದ ಕಾಳು ಕೋಣೆಯ ಬಿಸಿ ಬಿಟ್ಟು ಮೇಲೇರಲಿಲ್ಲ. ಈ ಪ್ರಯೋಗ ಮಾಡುವವರು ಏನು ಬಿಟ್ಟರೂ ತೊಳೆಯುವುದನ್ನು ಬಿಡಬೇಡಿ.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ನಮ್ಮ ಮುತ್ಯಾ ಹಗೇವಿನ್ಯಾಗ ಇಳಿಯೋ ಮೊದಲ ಕಂದೀಲ ಇಳಿಬಿಡ್ತಿದ್ರಂತ್ರಿ. ಅದು ಆರಿತಂದ್ರ ಇಳೀತಿರಲಿಲ್ಲಂತ." ಹಗೇವು ಅಂದರೆ ನೆಲದೊಳಗೆ ಕಾಳು ತುಂಬಿಡುವ ಕುಣಿ. ನನಗೇ ಇದು ಹೊಳೆದಿರಲಿಲ್ಲ. ಹಗೇವಿನಲ್ಲಿ ತುಂಬಿಟ್ಟ ಜೋಳವೂ ನಿಧಾನವಾಗಿ ಉಸಿರಾಡುತ್ತದೆ. ತಿಂಗಳುಗಟ್ಟಲೆ ಮುಚ್ಚಿದ ಕುಣಿಯಲ್ಲಿ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ತಿಳಿಯದೆ ಇಳಿದು ಜೀವ ಕಳೆದುಕೊಂಡವರಿದ್ದಾರೆ.

ಅವತ್ತು ಸಂಜೆ ಮೊಳಕೆ ಕಾಳನ್ನು ಗಾಜಿನ ಬರಣಿಗೆ ಹಾಕಿ ಬಿಗಿಯಾಗಿ ಮುಚ್ಚಿಟ್ಟೆವು. ಬೆಳಿಗ್ಗೆ ಮುಚ್ಚಳ ತೆಗೆದು, ತಂತಿಗೆ ಸಿಕ್ಕಿಸಿದ ಮೇಣದಬತ್ತಿಯನ್ನು ಅದೇ ಹುಡುಗಿ ಮೆಲ್ಲಗೆ ಒಳಗಿಳಿಸಿದಳು. ಕಾಳಿನ ಹತ್ತಿರ ಹೋಗುವ ಮೊದಲೇ, ಬರಣಿಯ ಕೊರಳಲ್ಲೇ ಆರಿತು.